ನೆಬ್ಯುಲೈಸರ್ ಕೊಳ್ಳೋದಾ, ಸ್ಪೇಸರ್ ಸಾಕಾ?

ಪುಟ್ಟ ಮಗುವಿನ ಉಬ್ಬಸಕ್ಕೆ ಮನೆಯಲ್ಲಿ ಯಾವುದಿರಬೇಕು ಎಂದು ಕೇಳಿದ್ದೀರಿ. ನೆಬ್ಯುಲೈಸರ್ ಅಂದ್ರೆ ಔಷಧಿಯನ್ನು ಮಂಜಿನಂತೆ ಮಾಡುವ ಯಂತ್ರ; ಸ್ಪೇಸರ್ ಅಂದ್ರೆ ಇನ್ಹೇಲರಿಗೆ (ಔಷಧಿ ಚಿಮ್ಮಿಸುವ ಪುಟ್ಟ ಪಂಪಿಗೆ) ಸಿಕ್ಕಿಸುವ ಪ್ಲಾಸ್ಟಿಕ್ ಕೊಳವೆ. ಡಾಕ್ಟರು ಬರೆದ ಔಷಧಿಯನ್ನು ಶ್ವಾಸಕೋಶದ ಒಳಗೆ ತಲುಪಿಸೋದೇ ಎರಡರ ಕೆಲಸ. ತೀರಾ ಜೋರಲ್ಲದ ಉಬ್ಬಸಕ್ಕೆ ಮಾಸ್ಕ್ ಇರುವ ಸ್ಪೇಸರ್ ನೆಬ್ಯುಲೈಸರಿನಷ್ಟೇ ಚೆನ್ನಾಗಿ ಕೆಲಸ ಮಾಡುತ್ತದೆ. ಸದ್ದು ಮಾಡುವ ಯಂತ್ರವೇ ಪವರ್‌ಫುಲ್ ಅನ್ನೋದು ಸುಮ್ನೆ ನಂಬಿಕೆ.

ದುಡ್ಡಿನಲ್ಲಿ ಸ್ಪೇಸರ್ ಅಗ್ಗ. ಇನ್ಹೇಲರ್ ಅಲುಗಾಡಿಸಿ ಸ್ಪೇಸರಿಗೆ ಸಿಕ್ಕಿಸಿ, ಮಾಸ್ಕನ್ನು ಮೂಗು-ಬಾಯಿಗೆ ಬಿಗಿಯಾಗಿ ಹಿಡಿದು ಒಂದು ಪಫ್ ಒತ್ತಿ. ಮಗು ಐದಾರು ಸಲ ಉಸಿರಾಡಿದರೆ ಆಯಿತು. ನೆಬ್ಯುಲೈಸರಿಗೆ ಹತ್ತು ನಿಮಿಷ ಬೇಕು, ಕರೆಂಟೂ ಬೇಕು. ಶಿರಸಿ ಕಡೆಯ ಹಳ್ಳಿಗಳಲ್ಲಿ ಮಳೆಗಾಲದ ಕರೆಂಟಿನ ಕಥೆ ಗೊತ್ತಲ್ವಾ! ಘಟ್ಟ ಇಳಿಯುವಾಗಲೂ ಸ್ಪೇಸರ್ ಚೀಲದಲ್ಲೇ ಇರುತ್ತದೆ.

ಅಳುವ ಮಗುವಿಗೆ ಎರಡರಲ್ಲೂ ಔಷಧಿ ಕಡಿಮೆ ಹೋಗುತ್ತದೆ. ಸ್ಪೇಸರಿಗೆ ಹಟ ಮಾಡುವ ಮಗು ಮಡಿಲಲ್ಲಿ ಕಾರ್ಟೂನ್ ನೋಡುತ್ತಾ ನೆಬ್ಯುಲೈಸರಿನ ಮಾಸ್ಕಿನಿಂದ ಹೊಗೆಯಂಥ ಔಷಧಿ ಎಳೆದುಕೊಳ್ಳುತ್ತೆ ಅಂದ್ರೆ ನೆಬ್ಯುಲೈಸರೇ ವಾಸಿ. ಆದರೆ ಅದರ ಔಷಧಿ ಹಾಕುವ ಕಪ್ ಅನ್ನು ಪ್ರತಿ ಸಲ ತೊಳೆದು ಒಣಗಿಸಬೇಕು. ನಮ್ಮ ತೇವದ ಹವೆಯಲ್ಲಿ ಅದೇ ದೊಡ್ಡ ಕಿರಿಕಿರಿ. ಸ್ಪೇಸರನ್ನು ಸೋಪು ನೀರಲ್ಲಿ ಅದ್ದಿ, ಒರೆಸದೆ ಗಾಳಿಗೆ ಒಣಗಿಸಿ.

ಪಕ್ಕೆ ಒಳಗೆ ಎಳೆಯುತ್ತಿದ್ದರೆ, ತುಟಿ ನೀಲಿಯಾದರೆ, ಹಾಲು ಕುಡಿಯಲೂ ಆಗದಿದ್ದರೆ ಮನೆಯಲ್ಲಿ ಕಾಯಬೇಡಿ. 108ಕ್ಕೆ ಫೋನ್ ಮಾಡಿ. ಆಸ್ಪತ್ರೆಯಲ್ಲಿ ಆಮ್ಲಜನಕದ ಜೊತೆಗೇ ನೆಬ್ಯುಲೈಸರ್ ಕೊಡುತ್ತಾರೆ.