ಯುಎಸ್‌ಬಿ ಟಿವಿ ಟ್ಯೂನರ್‌ಗೆ ಗಟ್ಟಿ ಅಡಾಪ್ಟರ್ ಹಾಕಬೇಡಿ

ಕಂಪ್ಯೂಟರ್‌ಗೆ ಚುಚ್ಚಿ ಟಿವಿ, ರೇಡಿಯೋ ಸಿಗ್ನಲ್ ಹಿಡಿಯುವ ಯುಎಸ್‌ಬಿ ಟ್ಯೂನರ್ ಕೊಳ್ಳುವಾಗ ಎಲ್ಲರೂ ಚಿಪ್ ಯಾವುದು ಅಂತ ಕೇಳುತ್ತಾರೆ, ಅದಕ್ಕೆ ಆಂಟೆನಾ ಕೇಬಲ್ ಜೋಡಿಸುವ ಅಡಾಪ್ಟರ್ ಬಗ್ಗೆ ಯಾರೂ ಕೇಳುವುದಿಲ್ಲ. ನನ್ನ ಟ್ಯೂನರ್ ಕೆಟ್ಟಿದ್ದು ಅಡಾಪ್ಟರ್‌ನಿಂದಲೇ.

ಅದು ಆರ್‌ಟಿಎಲ್2832ಯು ಚಿಪ್ ಇರುವ ಸ್ಟಿಕ್. ಎಫ್‌ಎಂ ಕೇಳಲು, 1090 ಮೆಗಾಹರ್ಟ್ಸ್‌ನಲ್ಲಿ ವಿಮಾನಗಳ ಸಿಗ್ನಲ್ ಹಿಡಿಯಲು ತುಂಬಾ ಜನ ಬಳಸುತ್ತಾರಲ್ಲ, ಅದೇ. ಅದರ ಆಂಟೆನಾ ಸಾಕೆಟ್ ಎಂಸಿಎಕ್ಸ್. ಶರ್ಟಿನ ಗುಂಡಿಗಿಂತ ಚಿಕ್ಕದು, ಒತ್ತಿದರೆ ಟಕ್ ಅಂತ ಕೂರುತ್ತದೆ. ತಾರಸಿಯ ಆಂಟೆನಾದಿಂದ ಇಳಿಯುವ ಆರ್‌ಜಿ6 ಅನ್ನೋ ಟಿವಿ ಕೇಬಲ್‌ಗೆ ಇರುವುದು ಎಫ್ ಅನ್ನೋ ಬೇರೆ ಥರದ ಕನೆಕ್ಟರ್. ಎರಡನ್ನೂ ಸೇರಿಸಲು ಅಂಗಡಿಯವರು ಒಂದು ಗಟ್ಟಿ ಲೋಹದ ಅಡಾಪ್ಟರ್ ಕೊಟ್ಟು, "ನೇರ ಹಾಕಿ ಸರ್, ಏನೂ ಆಗಲ್ಲ" ಅಂದರು.

ಸ್ವಲ್ಪ ದಿನ ಚೆನ್ನಾಗಿತ್ತು. ಆಮೇಲೆ ಕೇಬಲ್ ಹಿಡಿದುಕೊಂಡರೆ ಸಿಗ್ನಲ್ ಬರುವುದು, ಬಿಟ್ಟರೆ ಹೋಗುವುದು. ಮುಚ್ಚಳ ಬಿಚ್ಚಿ ನೋಡಿದರೆ ಸಾಕೆಟ್ ಹಲ್ಲಿನ ಹಾಗೆ ಅಲ್ಲಾಡುತ್ತಿತ್ತು. ಬೆಸುಗೆ ಬಿರುಕು ಬಿಟ್ಟಿತ್ತು. ನಡುವಿನ ಕಾಲಿನ ಜೊತೆ ಬೋರ್ಡ್ ಮೇಲಿನ ತಾಮ್ರದ ಪದರವೂ ಕಿತ್ತು ಬಂದಿತ್ತು. ಮತ್ತೆ ಬೆಸುಗೆ ಹಾಕಲು ಜಾಗವೇ ಉಳಿದಿರಲಿಲ್ಲ. ಆರ್‌ಜಿ6 ದಪ್ಪ ಕೇಬಲ್, ಸುಲಭವಾಗಿ ಬಗ್ಗುವುದಿಲ್ಲ. ಉದ್ದದ ಅಡಾಪ್ಟರ್ ಸನ್ನೆಕೋಲಾಗಿ, ಕೇಬಲ್‌ನ ಭಾರವೆಲ್ಲ ಆ ಪುಟ್ಟ ಸಾಕೆಟ್ ಮೇಲೆ ಬೀಳುತ್ತದೆ. ಅಂಗಡಿಯಲ್ಲಿ ಕೇಳಿದರೆ, ಮುರಿದದ್ದಕ್ಕೆ ವಾರಂಟಿ ಇಲ್ಲವಂತೆ!

ಬೇಕಾಗಿರುವುದು ಪಿಗ್‌ಟೇಲ್. ಅಂದರೆ ಒಂದು ಕಡೆ ಎಂಸಿಎಕ್ಸ್, ಇನ್ನೊಂದು ಕಡೆ ಎಫ್ ಇರುವ ಗೇಣುದ್ದದ ತೆಳು ಕೇಬಲ್. ದಪ್ಪ ಕೇಬಲನ್ನು ಗೋಡೆಗೋ ಮೇಜಿಗೋ ಕ್ಲಿಪ್ ಹೊಡೆದು ನಿಲ್ಲಿಸಿ, ಅಲ್ಲಿಂದ ಸ್ಟಿಕ್‌ವರೆಗೆ ಪಿಗ್‌ಟೇಲ್ ಹಾಕಿ.

ಎಸ್‌ಎಂಎ, ಅಂದರೆ ತಿರುಗಿಸಿ ಬಿಗಿಯುವ ಸಾಕೆಟ್ ಇರುವ ಸ್ಟಿಕ್ ಗಟ್ಟಿ, ನಿಜ. ಆದರೆ ಅಲ್ಲೂ ಮೋಸ ಹೋಗಬಹುದು. ಎರಡನೇ ಸಲ ನಾನು ಅದನ್ನೇ ತಗೊಂಡು ಎಸ್‌ಎಂಎ ಅಡಾಪ್ಟರ್ ತರಿಸಿದೆ. ಬಂದಿದ್ದು ವೈಫೈ ರೂಟರ್ ಆಂಟೆನಾಗಳಲ್ಲಿ ಇರುವ ಆರ್‌ಪಿ-ಎಸ್‌ಎಂಎ. ಕವರ್ ಮೇಲೆ ಮಾತ್ರ ಎಸ್‌ಎಂಎ ಅಂತಲೇ ಇತ್ತು. ತಿರುಪಿನ ಸುತ್ತು ಒಂದೇ ಥರ, ಪೂರ್ತಿ ಬಿಗಿಯುತ್ತದೆ. ಆದರೆ ನಡುವೆ ಪಿನ್ ಇರಬೇಕಾದ ಕಡೆ ತೂತು. ಸ್ಟಿಕ್ ಕಡೆಯೂ ತೂತೇ, ಹಾಗಾಗಿ ಒಳಗೆ ಏನೂ ತಾಗುವುದಿಲ್ಲ. ಹತ್ತಿರದ ಎಫ್‌ಎಂ ಸ್ಟೇಷನ್ ಸಣ್ಣಗೆ ಕೇಳುತ್ತಿರುತ್ತದೆ, ಆಂಟೆನಾನೇ ಸರಿ ಇಲ್ಲವೇನೋ ಅನ್ನಿಸುತ್ತದೆ. ಹಣ ಕೊಡುವ ಮುಂಚೆ ಕನೆಕ್ಟರ್‌ನ ಬಾಯಿಗೆ ಟಾರ್ಚ್ ಬಿಟ್ಟು ಪಿನ್ ಇದೆಯಾ ನೋಡಿ. ಆನ್‌ಲೈನ್‌ನಲ್ಲಾದರೆ ಮುಂದಿನಿಂದ ತೆಗೆದ ಫೋಟೋ ಕೇಳಿ.

ಇನ್ನು ಇಂಪೀಡೆನ್ಸ್ (ಸಿಗ್ನಲ್‌ಗೆ ಇರುವ ತಡೆ) ಬೇರೆ ಬೇರೆ, 75 ಓಮ್ ಕೇಬಲ್‌ಗೆ 50 ಓಮ್ ಸ್ಟಿಕ್ ಹೊಂದಲ್ಲ ಅಂತ ಕನ್ವರ್ಟರ್ ಮಾರಲು ಬಂದರೆ ಬೇಡ ಅನ್ನಿ. ಆ ವ್ಯತ್ಯಾಸದಿಂದ ಹೋಗುವ ಸಿಗ್ನಲ್ 0.2 ಡೆಸಿಬೆಲ್‌ಗೂ ಕಡಿಮೆ, ಗೊತ್ತೇ ಆಗುವುದಿಲ್ಲ. ಆ ದುಡ್ಡಿಗೆ ಒಳ್ಳೆಯ ಪಿಗ್‌ಟೇಲ್ ತಗೊಳ್ಳಿ.