ಮರ ಹೊತ್ತ ಗೋಪುರದ ಕೌದಿ: ಅಂಟೋ, ನೆಟ್ಟೋ, ಕೈಹೊಲಿಗೆಯೋ?

ಬಟ್ಟೆಯ ಮೇಲೆ ಬಟ್ಟೆಯ ತುಂಡು ಕೂರಿಸಿ ಚಿತ್ರ ಮಾಡಲು ಅಂಟು, ನೆಟ್ ಬಟ್ಟೆ, ಕೈಹೊಲಿಗೆ ಮೂರನ್ನೂ ಮಾಡಿ ನೋಡಿದೆ. ಮೊದಲೇ ಹೇಳಿಬಿಡುತ್ತೇನೆ, ನನ್ನ ಮತ ಕೈಹೊಲಿಗೆಗೆ. ಇಸ್ತ್ರಿಯ ಬಿಸಿಗೆ ಎರಡೂ ಮಗ್ಗುಲು ಅಂಟುವ ಹಾಳೆ, ಅಂದರೆ ದಪ್ಪ ಫ್ಯೂಸಿಂಗನ್ನು ಐದು ಮೀಟರ್ ಕೊಂಡು, ಅದರಲ್ಲಿ ಎರಡು ಮೀಟರ್ ಸುರಿದು, ಒಂದು ಇಡೀ ಫಲಕ ಕೆಟ್ಟ ಮೇಲೆ ಈ ಮಾತು ಹೇಳುತ್ತಿದ್ದೇನೆ.

ಮಾಡಹೊರಟಿದ್ದು ಗೋಡೆಗೆ ತೂಗುಹಾಕುವ ಕೌದಿ. ಮನಸ್ಸಿನಲ್ಲಿದ್ದದ್ದು ಇಟಲಿಯ ಮಿಲಾನಿನ ಬೋಸ್ಕೋ ವರ್ಟಿಕಾಲೆ, ಅಂದರೆ ನೆಟ್ಟಗೆ ನಿಂತ ಕಾಡು. ವಾಸ್ತುಶಿಲ್ಪಿ ಸ್ಟೆಫಾನೊ ಬೋಯೆರಿಯವರ ತಂಡ ವಿನ್ಯಾಸ ಮಾಡಿದ ಈ ಜೋಡಿ ಗೋಪುರ 2014ರಲ್ಲಿ ಮುಗಿಯಿತು. ಬಾಲ್ಕನಿಗಳಲ್ಲಿ ಸುಮಾರು 800 ಮರಗಳಿವೆ, ಪೊದೆ ಬಳ್ಳಿಗಳು ಬೇರೆ. ಬೇಸಿಗೆಯಲ್ಲಿ ಎಲೆಗಳೇ ಮನೆಗಳಿಗೆ ನೆರಳು. ಫೋಟೊಗಳನ್ನು ಎಷ್ಟೋ ಹೊತ್ತು ನೋಡಿದ ಮೇಲೆ ಒಂದು ವಿಷಯ ಕಣ್ಣಿಗೆ ಬಿತ್ತು. ಒಂದು ಬಾಲ್ಕನಿಯ ನೇರ ಮೇಲೆ ಇನ್ನೊಂದು ಕೂತಿಲ್ಲ, ಅತ್ತಿತ್ತ ಸರಿದಿವೆ. ಮರ ತಲೆಯೆತ್ತಿ ಬೆಳೆಯಲು ಮೇಲೆ ಜಾಗ ಬೇಕಲ್ಲ, ಅದಕ್ಕೆ. ಕಡುಬೂದು ಗೋಡೆ, ಅದರ ಮೇಲೆ ಬಿಳಿ ಪಟ್ಟಿಗಳು, ಆ ಪಟ್ಟಿಗಳ ಅಂಚು ದಾಟಿ ಚೆಲ್ಲುವ ಹಸಿರು. ಈ ಮೂರೂ ಬಟ್ಟೆಯಲ್ಲಿ ಬಂದರೆ ಕಟ್ಟಡ ಬಂದಂತೆ.

ಒಂದೇ ಚಿತ್ರ, 30 ಸೆಂ.ಮೀ. ಅಗಲ, 45 ಸೆಂ.ಮೀ. ಎತ್ತರದ ಮೂರು ಫಲಕ, ಒಂದೊಂದಕ್ಕೆ ಒಂದೊಂದು ವಿಧಾನ. ಬಟ್ಟೆಯೂ ಒಂದೇ, ಹಳೆಯ ಹತ್ತಿ ಷರ್ಟು, ದುಪಟ್ಟಾಗಳ ತುಂಡು.

ಫ್ಯೂಸಿಂಗ್ ಆರಿಸಿದ್ದು ಬೇಗ ಮುಗಿಯುತ್ತದೆಂಬ ಆಸೆಯಿಂದ. ಆಸೆ ಸುಳ್ಳಾಗಲಿಲ್ಲ. ಎರಡು ಸಂಜೆಯಲ್ಲಿ ಗೋಪುರ ಎದ್ದು ನಿಂತಿತು. ಕತ್ತರಿಸು, ಇಟ್ಟು ಇಸ್ತ್ರಿ ಒತ್ತು, ಮುಗಿಯಿತು. ಅಂಚು ಮಡಚುವ ಕೆಲಸವೇ ಇಲ್ಲ. ಫ್ಯೂಸಿಂಗಿನ ಬೆನ್ನಿಗಿರುವ ಕಾಗದದ ಮೇಲೆ ಚಿತ್ರ ಬರೆದರೆ ಬಟ್ಟೆಯ ಮೇಲೆ ಎಡಬಲ ಅದಲುಬದಲಾಗುತ್ತದೆ, ಕನ್ನಡಿಯಲ್ಲಿ ಕಂಡಂತೆ ಬರೆದುಕೊಳ್ಳಬೇಕು. ಇದೊಂದು ನೆನಪಿದ್ದರೆ ಸಾಕು.

ತೊಂದರೆ ಶುರುವಾದದ್ದು ಹತ್ತಿಯ ಪದರ, ಅಸ್ತರು ಸೇರಿಸಿ ಮಷಿನ್ನಿಗೆ ಕೂತಾಗ. ಗೋಡೆಯ ಮೇಲೆ ಬಾಲ್ಕನಿ, ಅದರ ಮೇಲೆ ಕಾಂಡ, ಅದರ ಮೇಲೆ ಕಡು ಎಲೆ, ಮತ್ತೆ ಅದರ ಮೇಲೆ ತಿಳಿ ಎಲೆ. ಮರದ ಬಳಿ ನಾಲ್ಕು ಪದರ ಅಂಟು ಒಂದರ ಮೇಲೊಂದು ಕೂತಿತ್ತು. ಸೂಜಿ ಅದರೊಳಗೆ ಇಳಿದು ಮೇಲೆ ಬರುವಾಗಲೆಲ್ಲ ಟಪ್ ಟಪ್ ಎಂಬ ಸದ್ದು. ಒಂದು ಗೇಣು ಹೊಲಿಯುವಷ್ಟರಲ್ಲಿ ದಾರದ ಎಳೆ ಬಿಚ್ಚಿ ಕಣ್ಣಿನ ಬಳಿ ನಾರುನಾರಾಗಿ ಕಟ್ ಆಯಿತು. ಸೂಜಿ ಬಿಚ್ಚಿ ಬೆರಳಾಡಿಸಿದೆ, ಮೈತುಂಬ ಜಿಗುಟು. ಸ್ಪಿರಿಟ್ಟಿನಲ್ಲಿ ಒರೆಸಿದೆ, 90ರ ನಂಬರಿನ ಹೊಸ ಸೂಜಿ ಹಾಕಿದೆ, ವೇಗ ತಗ್ಗಿಸಿದೆ. ಮತ್ತೊಂದು ಗೇಣು, ಮತ್ತೆ ಕಟ್. ನಡುನಡುವೆ ಹೊಲಿಗೆ ಬಿಟ್ಟುಹೋಗಿ ಎಲೆಗಳ ಮೇಲೆ ಉದ್ದುದ್ದ ಎಳೆಗಳು ಜೋತುಬಿದ್ದವು. ಬಿಚ್ಚಿ ಮತ್ತೆ ಹೊಲಿಯೋಣವೆಂದರೆ ಅಂಟಿನ ಬಟ್ಟೆಯಲ್ಲಿ ಸೂಜಿ ಮಾಡಿದ ತೂತು ಮುಚ್ಚುವುದಿಲ್ಲ. ಒಂದು ಮರದ ಸುತ್ತ ಎರಡು ಸಾಲು ತೂತು ಹಾಗೇ ಉಳಿದಿವೆ.

ಮಧ್ಯದ ಫ್ಯೂಸಿಂಗ್ ಕತ್ತರಿಸಿ ತೆಗೆದು, ಅಂಚಿಗೆ ಮಾತ್ರ ಆರು ಮಿ.ಮೀ. ಉಂಗುರ ಉಳಿಸುವ ಉಪಾಯವಿದೆ. ಅದನ್ನೂ ಮಾಡಿದೆ. ಬಾಲ್ಕನಿಯಂಥ ದೊಡ್ಡ ತುಂಡಿಗೆ ಸರಿಹೋಯಿತು. ಉಗುರಿನಷ್ಟು ಎಲೆಗೆ ಆರು ಮಿ.ಮೀ. ಉಂಗುರ ಬಿಟ್ಟರೆ ಮಧ್ಯ ಎಲ್ಲಿ ಉಳಿಯಿತು?

ಇದಕ್ಕಿಂತ ದೊಡ್ಡ ಬೇಸರ ಬೇರೆ. ಫಲಕ ರಟ್ಟಿನಂತಾಯಿತು. ಹೊಲಿಗೆ ಬಿದ್ದ ಕಡೆ ತಗ್ಗಾಗಿ, ಪಕ್ಕದಲ್ಲಿ ಹತ್ತಿ ಉಬ್ಬಿ, ಆ ಏರುತಗ್ಗಿನಲ್ಲಿ ನೆರಳು ನಿಲ್ಲುವುದರಿಂದಲೇ ಕೌದಿಗೆ ಜೀವ. ಅಂಟು ಬಿಗಿದ ಬಟ್ಟೆ ಉಬ್ಬುವುದೇ ಇಲ್ಲ. ನನ್ನ ಕಾಡು ಪೋಸ್ಟರಿನ ಹಾಗೆ ಚಪ್ಪಟೆಯಾಗಿ ಮಲಗಿತ್ತು. ಮಡಚಿಟ್ಟಾಗ ಬಿದ್ದ ಗೆರೆ ಇಸ್ತ್ರಿಗೂ ಹೋಗಲಿಲ್ಲ.

ನೆಟ್ಟಿನ ವಿಧಾನ ನನಗೆ ಇಷ್ಟವಾಯಿತು, ಆದರೆ ಎಲೆಗಷ್ಟೇ. ಹಸಿರು ಚಿಂದಿಗಳನ್ನು ಕತ್ತರಿಯಲ್ಲಿ ಸಣ್ಣಗೆ ಕತ್ತರಿಸಿ, ಬೇಕಾದಲ್ಲಿ ಉದುರಿಸಿ, ಮೇಲೆ ತೆಳು ನೈಲಾನ್ ನೆಟ್ ಹೊದಿಸಿ, ಬಟ್ಟೆಯನ್ನು ಮುಂದಕ್ಕೆ ತಳ್ಳುವ ಮಷಿನ್ನಿನ ಹಲ್ಲು ಇಳಿಸಿ ಸುತ್ತಿ ಸುತ್ತಿ ಹೊಲಿಯುವುದು. ಬಿಳಿ ನೆಟ್ ಹಾಕಿದರೆ ಕಾಡಿಗೆ ಮಂಜು ಕವಿದಂತೆ ಕಾಣುತ್ತದೆ. ಕಪ್ಪು ನೆಟ್ ಹಾಕಿ ನೋಡಿ, ನೆಟ್ ಇದೆಯೆಂದೇ ಗೊತ್ತಾಗುವುದಿಲ್ಲ, ಹಸಿರು ಇನ್ನಷ್ಟು ಗಾಢವಾಗುತ್ತದೆ. ಮುಂದಿನ ಸಾಲಿನ ಎಲೆಗಳು ಹೊಳೆಯಬೇಕೆಂದಾದರೆ ನಾಲ್ಕಾರು ತುಂಡನ್ನು ನೆಟ್ಟಿನ ಮೇಲೆಯೇ ಹೊಲಿಯಬೇಕು. ಬಟ್ಟೆಯನ್ನು ಒತ್ತಿಹಿಡಿಯುವ ಫುಟ್ ಬಾಯಿ ತೆರೆದದ್ದಾದರೆ ನೆಟ್ಟಿನ ಕಣ್ಣಿಗೆ ಸಿಕ್ಕಿಕೊಳ್ಳುತ್ತದೆ, ಸುತ್ತ ಮುಚ್ಚಿದ ಫುಟ್ ಇರಲಿ. ಬಿಸಿ ಇಸ್ತ್ರಿ ತಾಗಿದರೆ ನೆಟ್ ಕರಗುತ್ತದೆ. ಬಾಲ್ಕನಿಯ ಗೆರೆಗೆ ಇದು ಆಗದು. ಚಿಂದಿಯಲ್ಲಿ ನೇರ ಅಂಚು ನಿಲ್ಲುವುದಿಲ್ಲ.

ಇನ್ನು ಕೈಹೊಲಿಗೆ. ಒಂದು ಮಗ್ಗುಲಿಗೆ ತೆಳು ಪ್ಲಾಸ್ಟಿಕ್ ಲೇಪವಿರುವ ಫ್ರೀಜರ್ ಪೇಪರಿನಲ್ಲಿ ಬಾಲ್ಕನಿಯ ಆಕಾರ ಕತ್ತರಿಸಿ, ಹೊಳೆಯುವ ಮಗ್ಗುಲನ್ನು ಬಟ್ಟೆಯ ಹಿಂಬದಿಗೆ ಒಣ ಇಸ್ತ್ರಿಯಲ್ಲಿ ಅಂಟಿಸಿದೆ. ಸುತ್ತ ಆರು ಮಿ.ಮೀ. ಬಟ್ಟೆ ಬಿಟ್ಟು, ಆ ಅಂಚಿಗೆ ಸಣ್ಣ ಬ್ರಷ್ಷಿನಲ್ಲಿ ಗಂಜಿ ಸವರಿ, ಕಾಗದದ ಮೇಲೆ ಮಡಚಿ ಇಸ್ತ್ರಿ ಒತ್ತಿದೆ. ಒಣಗಿದ ಮೇಲೆ ಕಾಗದ ಎಳೆದರೆ ಗುರುತೇ ಇಲ್ಲದೆ ಬಂದುಬಿಡುತ್ತದೆ, ಬಟ್ಟೆ ಮಾತ್ರ ಮಡಿಕೆ ಬಿಡದೆ ಕೂತಿರುತ್ತದೆ. ಒಂದೇ ಕಾಗದ ಐದಾರು ಬಾಲ್ಕನಿಗೆ ಬಂತು. ಆಮೇಲೆ ಬಿಳಿ ದಾರದಲ್ಲಿ, ಅಂಚಿನ ಒಂದೆರಡು ಎಳೆಯಷ್ಟೇ ಹಿಡಿದು ಹೆಮ್ಮಿಂಗ್.

ನಿಧಾನ, ನಿಜ. ಹತ್ತೊಂಬತ್ತು ಬಾಲ್ಕನಿಗೆ ಹೆಚ್ಚುಕಡಿಮೆ ಮೂರು ವಾರ ಹಿಡಿಯಿತು. ಮೂಲೆಗಳು ತಾಳ್ಮೆ ಕೇಳುತ್ತವೆ. ಆದರೆ ಫಲಕವನ್ನು ಕಿಟಕಿಯ ಪಕ್ಕದ ಗೋಡೆಗೆ ಹಿಡಿದಾಗ ಕಂಡದ್ದನ್ನು ನಾನು ನಿರೀಕ್ಷಿಸಿರಲಿಲ್ಲ. ಮಡಚಿದ ಅಂಚಿನಲ್ಲಿ ಬಟ್ಟೆ ಎರಡು ಪದರವಲ್ಲವೇ, ಆ ದಪ್ಪಕ್ಕೆ ಬಾಲ್ಕನಿ ಗೋಡೆಯಿಂದ ತುಸು ಎದ್ದು ನಿಂತಿತ್ತು. ಪಕ್ಕದಿಂದ ಬಿದ್ದ ಬೆಳಕಿಗೆ ಪ್ರತಿ ಬಿಳಿ ಪಟ್ಟಿಯ ಕೆಳಗೂ ಕೂದಲೆಳೆಯಷ್ಟು ನೆರಳು. ನಿಜವಾದ ಗೋಪುರದ ಫೋಟೊದಲ್ಲೂ ಬಾಲ್ಕನಿಯ ಅಡಿಯಲ್ಲಿ ಅಂಥದೇ ನೆರಳಿನ ಪಟ್ಟಿಯಿದೆ. ಬಣ್ಣದ ಬಟ್ಟೆ ಸೇರಿಸಿ ಅದನ್ನು ತರಬೇಕೆಂದು ಯೋಚಿಸಿದ್ದೆ, ಮಡಿಕೆಯೇ ಕೊಟ್ಟಿತು.

ಹಾಗಾಗಿ ನಾನು ಇಟ್ಟುಕೊಂಡದ್ದು ಗೋಡೆ, ಬಾಲ್ಕನಿಗೆ ಕೈಹೊಲಿಗೆ, ಮರಗಳಿಗೆ ಕಪ್ಪು ನೆಟ್. ನನ್ನ ಮಷಿನ್ ಸಾಧಾರಣದ್ದು, ರಾತ್ರಿ ಅದರ ಸದ್ದು ಮನೆಯವರಿಗೆ ತೊಂದರೆ. ಸೂಜಿದಾರ ಹಿಡಿದು ಒಂದು ಗಂಟೆ ಸುಮ್ಮನೆ ಕೂರುವುದು ನನಗೆ ದಿನದ ವಿಶ್ರಾಂತಿ. ದುಡ್ಡು ಹೋಗಿದ್ದು ಫ್ಯೂಸಿಂಗಿಗೆ ಮಾತ್ರ. ದಾರ, ಗಂಜಿ, ಕಾಗದ, ಅರ್ಧ ಮೀಟರ್ ನೆಟ್ ಎಲ್ಲ ಸೇರಿಸಿದರೂ ಅದರ ಹತ್ತಿರಕ್ಕೆ ಬರಲಿಲ್ಲ. ಹೊಲಿದದ್ದನ್ನು ನಾಳೆ ಬಿಚ್ಚಿ ಬೇರೆಯದಕ್ಕೆ ಬಳಸಬಹುದು, ಅಂಟು ಕುಡಿದ ಹತ್ತಿ ಮತ್ತೆ ಹತ್ತಿಯಾಗುವುದಿಲ್ಲ. ಹಸಿರು ಕಟ್ಟಡದ ಬಗ್ಗೆ ಕೌದಿ ಹೊಲಿಯುವಾಗ ನನಗೆ ಇದು ಸಣ್ಣ ಮಾತಲ್ಲ. ನೆಟ್ ಕೂಡ ಪ್ಲಾಸ್ಟಿಕ್ಕೇ, ಅದು ನನ್ನನ್ನು ಚುಚ್ಚುತ್ತದೆ. ಹಳೆಯ ತೆಳು ರೇಷ್ಮೆ ದುಪಟ್ಟಾ ಹೊದಿಸಿ ನೋಡುತ್ತಿದ್ದೇನೆ, ಬಣ್ಣ ಇನ್ನೂ ಸ್ವಲ್ಪ ಮಸುಕು.

ತಿಂಗಳೊಳಗೆ ಪ್ರದರ್ಶನಕ್ಕೆ ಕೊಡಬೇಕು, ಒಳ್ಳೆಯ ಮಷಿನ್ ಇದೆ ಅನ್ನುವವರು ಫ್ಯೂಸಿಂಗನ್ನೇ ಹಿಡಿಯಿರಿ, ಆದರೆ ತೀರ ತೆಳುವಾದದ್ದು ಕೊಳ್ಳಿ, ಎರಡು ಪದರ ಮೀರಿಸಬೇಡಿ.

ಮುಂದಿನ ಕೌದಿಗೆ ಆಸ್ಟ್ರೇಲಿಯಾದ ಮೆಲ್ಬರ್ನಿನ ಸಿಎಚ್2 (ಕೌನ್ಸಿಲ್ ಹೌಸ್ 2) ಎತ್ತಿಕೊಂಡಿದ್ದೇನೆ, ಅಲ್ಲಿನ ನಗರಪಾಲಿಕೆಯ ಕಚೇರಿ, 2006ರ ಕಟ್ಟಡ. ಅದರ ಪಶ್ಚಿಮದ ಮುಖಕ್ಕೆ ಹಳೆಯ ಮರವನ್ನೇ ಮರುಬಳಸಿ ಮಾಡಿದ ಪಟ್ಟಿಬಾಗಿಲುಗಳಿವೆ, ಬಿಸಿಲು ನೋಡಿ ತೆರೆದು ಮುಚ್ಚುತ್ತವೆ. ಕಂದು ಗೆರೆಯ ಒಂದು ಹಳೆಯ ಷರ್ಟು ಸಿಕ್ಕಿದೆ. ಗೆರೆಗಳು ಅಡ್ಡಡ್ಡ ಬರುವಂತೆ ಕತ್ತರಿಸಿಟ್ಟರೆ ಪಟ್ಟಿಗಳು ತಾವಾಗಿಯೇ ಮೂಡುತ್ತವೆ, ನನಗೆ ಉಳಿಯುವುದು ನಾಲ್ಕು ಅಂಚು ಮಡಚುವ ಕೆಲಸ. ಮಿಕ್ಕ ಮೂರು ಮೀಟರ್ ಫ್ಯೂಸಿಂಗಿನಿಂದ ಒಂದು ಅಂಗೈಯಷ್ಟು ಕತ್ತರಿಸಿಟ್ಟುಕೊಂಡಿದ್ದೇನೆ, ಮಡಚಲಾಗದಷ್ಟು ಸಣ್ಣ ಕಿಟಕಿಗಳಿಗೆ.