ಜನ ಬಿಟ್ಟುಹೋದ ಇಟಲಿಯ ಊರುಗಳು: ಕ್ರಾಕೋ, ಪೆಂಟೆಡಾಟಿಲೊ, ರೊಗೂದಿ, ಪೊಜ್ಜೊರೆಯಾಲೆ, ಜಿಬೆಲ್ಲಿನಾ. ಯಾವುದಕ್ಕೆ ಹೋಗೋದು?

ಇಟಲಿಯಲ್ಲಿ ಜನ ಬಿಟ್ಟ ಹಳೇ ಊರು ನೋಡಬೇಕು ಅಂದರೆ ಸಾಕು, ಎಲ್ಲರೂ ಚಿವಿತಾ ದಿ ಬಾನ್ಯೊರೆಜೊ ಅನ್ನುತ್ತಾರೆ. ನಾನೂ ಮೊದಲು ಅಲ್ಲಿಗೇ ಹೋದೆ. ಊರು ಚೆಂದವೇ. ಮೆತ್ತನೆ ಕಲ್ಲಿನ ಗುಡ್ಡ, ಮಳೆಗೆ ಗಾಳಿಗೆ ಸವೆದು ಸವೆದು ಸುತ್ತಲೂ ಕಂದಕವಾಗಿದೆ. ಒಳಗೆ ಹೋಗಲು ಒಂದೇ ಒಂದು ಕಾಲುಸೇತುವೆ. ಆದರೆ ಆ ಸೇತುವೆ ಮೇಲೆ ಅವತ್ತು ಜಾತ್ರೆಯ ಹಾಗೆ ಜನ. ಟಿಕೆಟ್ ತೆಗೆದುಕೊಂಡು, ಬಾವುಟ ಹಿಡಿದ ಗೈಡ್‌ಗಳ ಹಿಂದೆ ಸಾಲಾಗಿ ನಡೆದು, ಒಳಗೆ ಹೋದರೆ ಅಂಗಡಿ, ಹೋಟೆಲು, ಫೋಟೋ. ವರ್ಷವಿಡೀ ಅಲ್ಲೇ ಇರುವವರು ಕೈಬೆರಳಲ್ಲಿ ಎಣಿಸುವಷ್ಟು ಜನ. ನೋಡಲು ಬರುವವರು ಮಾತ್ರ ಸಾವಿರಗಟ್ಟಲೆ.

ನಾನು ಹುಡುಕುತ್ತಿದ್ದದ್ದು ಅದಲ್ಲ. ಟ್ಯೂರಿನ್‌ನಲ್ಲಿ ಓದುತ್ತಿದ್ದ ಎರಡು ವರ್ಷದಲ್ಲಿ, ರಜೆ ಸಿಕ್ಕಾಗಲೆಲ್ಲ ದಕ್ಷಿಣಕ್ಕೆ ಹೋಗಿ ಐದು ಕಡೆ ನೋಡಿದೆ. ಎಲ್ಲ ಒಂದೇ ಥರ ಇರುತ್ತವೆ ಅಂದುಕೊಂಡಿದ್ದೆ. ಒಂದಕ್ಕೊಂದು ಸಂಬಂಧವೇ ಇಲ್ಲ. ಅವಸರ ಇರುವವರಿಗೆ ಮೊದಲೇ ಹೇಳಿಬಿಡುತ್ತೇನೆ: ಒಂದೇ ಕಡೆ ಹೋಗಲು ಆಗುತ್ತದೆ ಅಂದರೆ ಸಿಸಿಲಿಯ ಪೊಜ್ಜೊರೆಯಾಲೆಗೆ ಹೋಗಿ. ಯಾಕೆ ಅಂತ ಕೇಳುವಷ್ಟು ಪುರುಸೊತ್ತು ಇದ್ದರೆ ಮುಂದೆ ಓದಿ.

ಮೊದಲು ಕ್ರಾಕೋ. ಬಸಿಲಿಕಾತಾ ಪ್ರಾಂತ್ಯದಲ್ಲಿದೆ, ಮಾತೆರಾದಿಂದ ಕಾರಿನಲ್ಲಿ ಒಂದು ಗಂಟೆಯ ದಾರಿ. ದೂರದಿಂದ ನೋಡಿದಾಗ ಎದೆ ಝಲ್ಲೆನ್ನುತ್ತದೆ. ಬೋಳು ಜೇಡಿಮಣ್ಣಿನ ಗುಡ್ಡಗಳ ನಡುವೆ ಇಡೀ ಊರು ಎದ್ದು ನಿಂತಿದೆ, ತುದಿಯಲ್ಲಿ ನಾರ್ಮನ್ನರ ಕಾಲದ ಗೋಪುರ. ಆ ಜೇಡಿಮಣ್ಣೇ ಊರಿಗೆ ಶತ್ರುವಾದದ್ದು. ಊರಿಗೆ ನೀರಿನ ಪೈಪು, ಚರಂಡಿ ಎಲ್ಲ ಹಾಕಿದ ಮೇಲೆ ನೀರು ಇಂಗಿ ಗುಡ್ಡ ಸಡಿಲವಾಯಿತು ಅನ್ನುವುದು ಹೆಚ್ಚಿನವರು ಹೇಳುವ ಕಾರಣ. 1963ರಲ್ಲಿ ಗುಡ್ಡ ಜಾರಿತು. ಜನರನ್ನು ಕೆಳಗಿನ ಕಣಿವೆಯ ಕ್ರಾಕೋ ಪೆಸ್ಕಿಯೆರಾಕ್ಕೆ ಕಳಿಸಿದರು. 1972ರಲ್ಲಿ ನೆರೆ ಬಂತು, 1980ರ ಭೂಕಂಪ ಉಳಿದಿದ್ದನ್ನೂ ಮುಗಿಸಿತು. ಅದಕ್ಕೂ ಮೊದಲೇ, ಹತ್ತೊಂಬತ್ತನೇ ಶತಮಾನದ ಕೊನೆಯಿಂದ, ಸಾವಿರಕ್ಕೂ ಹೆಚ್ಚು ಜನ ಅಮೆರಿಕಕ್ಕೆ ಹಡಗು ಹತ್ತಿದ್ದರು.

ಆದರೆ ಕ್ರಾಕೋ ಒಳಗೆ ನಿಮ್ಮ ಪಾಡಿಗೆ ನೀವು ಓಡಾಡುವಂತಿಲ್ಲ. ಗೇಟಿದೆ, ಟಿಕೆಟ್ಟಿದೆ, ತಲೆಗೆ ಹೆಲ್ಮೆಟ್, ಜೊತೆಗೆ ಗೈಡ್. ಅವರು ತೋರಿಸಿದ ದಾರಿ ಬಿಟ್ಟು ಆಚೆ ಕಾಲಿಡಬಾರದು. ಇದು ಸರಿಯಾದ ಕ್ರಮ, ಗೋಡೆಗಳು ನಿಜವಾಗಲೂ ಯಾವಾಗ ಬೀಳುತ್ತವೋ ಗೊತ್ತಾಗದ ಸ್ಥಿತಿಯಲ್ಲಿವೆ. ಮಕ್ಕಳು ಅಥವಾ ವಯಸ್ಸಾದವರ ಜೊತೆ ಹೋಗುವವರಿಗೆ ಇದೇ ಒಳ್ಳೆಯದು. ಗೈಡ್ ಚೆನ್ನಾಗಿ ವಿವರಿಸುತ್ತಾರೆ, ಸುಮ್ನೆ ಬೀದಿ ಸುತ್ತಿದರೆ ತಿಳಿಯದ ಸಂಗತಿಗಳು ಅಲ್ಲಿ ತಿಳಿಯುತ್ತವೆ. ಆದರೆ ಒಂದು ಮನೆ ಮುಂದೆ ಎರಡು ನಿಮಿಷ ನಿಂತುಕೊಳ್ಳೋಣ ಅಂದರೆ ಆಗುವುದಿಲ್ಲ, ಹಿಂದಿನ ಗುಂಪು ಬರುತ್ತಿರುತ್ತದೆ. ಬಹಳ ಸಿನಿಮಾಗಳ ಶೂಟಿಂಗ್ ಇಲ್ಲಿ ಆಗಿದೆ, ಹಾಗಾಗಿ ಜನವೂ ಜಾಸ್ತಿ. ನನಗೆ ಕ್ರಾಕೋ ಒಳಗಿನಿಂದ ಹಿಡಿಸಿದ್ದಕ್ಕಿಂತ ಎದುರಿನ ರಸ್ತೆಯಲ್ಲಿ ನಿಂತು ಸಂಜೆ ಬೆಳಕಲ್ಲಿ ನೋಡಿದಾಗ ಹೆಚ್ಚು ಹಿಡಿಸಿತು.

ಕಲಾಬ್ರಿಯಾದ ಪೆಂಟೆಡಾಟಿಲೊ ಎಲ್ಲಕ್ಕಿಂತ ಸುಲಭ. ಬೂಟಿನ ಆಕಾರದ ದೇಶದ ಹೆಬ್ಬೆರಳಿನ ತುದಿಯಲ್ಲಿದೆ ಅನ್ನಬಹುದು. ರೆಜ್ಜೊ ಕಲಾಬ್ರಿಯಾದಿಂದ ಮೆಲಿತೊವರೆಗೆ ರೈಲಿದೆ, ಅಲ್ಲಿಂದ ಸ್ವಲ್ಪ ದೂರ ಮೇಲೆ. ಹೆಸರು ಗ್ರೀಕ್ ಭಾಷೆಯದು, ಐದು ಬೆರಳು ಅಂತ ಅರ್ಥ. ಪೆಂಟೆ ಅಂದಾಗ ನಮ್ಮ ಪಂಚ ನೆನಪಾಗುತ್ತದೆ ಅಲ್ವಾ? ಊರಿನ ಹಿಂದೆ ದೈತ್ಯನೊಬ್ಬ ಕೈ ಎತ್ತಿದ ಹಾಗೆ ಬಂಡೆ ನಿಂತಿದೆ, ಮನೆಗಳೆಲ್ಲ ಅದರ ಅಂಗೈಯಲ್ಲಿ ಕೂತಿವೆ. ಎಲ್ಲೆಲ್ಲೂ ಪಾಪಾಸುಕಳ್ಳಿ. 1783ರ ದೊಡ್ಡ ಭೂಕಂಪದಿಂದ ಊರು ಸೊರಗುತ್ತಾ ಬಂದು ಕಳೆದ ಶತಮಾನದಲ್ಲಿ ಪೂರ್ತಿ ಖಾಲಿಯಾಯಿತು. 1686ರ ಈಸ್ಟರ್ ಹಬ್ಬದಲ್ಲಿ, ಮದುವೆಯ ಜಗಳಕ್ಕೆ ಪಕ್ಕದೂರಿನ ಜಮೀನ್ದಾರ ರಾತ್ರೋರಾತ್ರಿ ಕೋಟೆಗೆ ನುಗ್ಗಿ ಇಲ್ಲಿಯ ಆಲ್ಬೆರ್ತಿ ಮನೆತನದವರನ್ನು ಕೊಂದ ಕಥೆಯನ್ನು ಈಗಲೂ ಹೇಳುತ್ತಾರೆ. ಈಗ ಸ್ವಯಂಸೇವಕರು ಕೆಲವು ಮನೆ ರಿಪೇರಿ ಮಾಡಿದ್ದಾರೆ, ಕೈಕೆಲಸದ ಪುಟ್ಟ ಅಂಗಡಿಗಳಿವೆ. ನಾನು ಹೋದ ದಿನ ಹತ್ತು ಹನ್ನೆರಡು ಜನ ಇದ್ದರೇನೋ. ಅರ್ಧ ದಿನಕ್ಕೆ ಸಾಕು. ಚೆಂದದ ಜಾಗ, ಆದರೆ ಬಿಟ್ಟುಹೋದ ಊರು ಅನ್ನಿಸುವುದಿಲ್ಲ, ನಿಧಾನವಾಗಿ ಚೇತರಿಸಿಕೊಳ್ಳುತ್ತಿರುವ ಊರು ಅನ್ನಿಸುತ್ತದೆ.

ಅದೇ ಮೆಲಿತೊದಿಂದ ಬೆಟ್ಟದ ಒಳಗೆ ಹೋದರೆ ಹಳೇ ರೊಗೂದಿ. ನಕ್ಷೆಯಲ್ಲಿ ಹತ್ತಿರ, ದಾರಿಯಲ್ಲಿ ದೂರ. ಆಸ್ಪ್ರೊಮೊಂತೆ ಬೆಟ್ಟಸಾಲಿನ ರಸ್ತೆ, ಒಂದೇ ಕಾರು ಹಿಡಿಸುವಷ್ಟು ಅಗಲ, ಒಂದು ಕಡೆ ಧರೆ ಇನ್ನೊಂದು ಕಡೆ ಪ್ರಪಾತ, ಧರೆಯಿಂದ ಬಿದ್ದ ಕಲ್ಲುಗಳು ರಸ್ತೆಯಲ್ಲೇ. ನನ್ನ ಬಾಡಿಗೆ ಕಾರಿನ ಟೈರ್ ಅಲ್ಲೇ ಒಡೆಯಿತು. ಮೊಬೈಲ್ ಸಿಗ್ನಲ್ ಇಲ್ಲ. ಡಿಕ್ಕಿ ತೆಗೆದರೆ ಸ್ಟೆಪ್ನಿ ಇಲ್ಲ, ಗಾಳಿ ತುಂಬುವ ಕಿಟ್ ಮಾತ್ರ. ಸೀಳಿದ ಟೈರಿಗೆ ಅದರಿಂದ ಏನೂ ಉಪಯೋಗವಿಲ್ಲ. ಒಂದೂವರೆ ಗಂಟೆ ಆದಮೇಲೆ ಮೇಕೆ ಕಾಯುವ ಒಬ್ಬರು ಹಳೇ ಜೀಪಿನಲ್ಲಿ ಬಂದರು, ನನ್ನನ್ನು ಮೇಲಿನ ಊರಿನವರೆಗೆ ಕರೆದುಕೊಂಡು ಹೋದರು, ದುಡ್ಡು ಕೊಟ್ಟರೆ ಮುಟ್ಟಲೇ ಇಲ್ಲ. ಆಮೇಲೆ ಟೈರಿನ ಖರ್ಚು ವಿಮೆಗೆ ಸೇರುವುದಿಲ್ಲ ಅಂತ ಬಾಡಿಗೆಯವರು ಪೂರ್ತಿ ದುಡ್ಡು ಹಿಡಿದುಕೊಂಡರು. ಅದಕ್ಕೇ ಹೇಳುವುದು, ಇಂಥ ಕಡೆ ಹೋಗುವ ಮೊದಲು ಎರಡು ಪ್ರಶ್ನೆ ಕೇಳಿಯೇ ಕೀಲಿ ಇಸಕೊಳ್ಳಿ: ಸ್ಟೆಪ್ನಿ ಇದೆಯಾ, ಟೈರಿಗೆ ವಿಮೆ ಇದೆಯಾ.

ಇಷ್ಟೆಲ್ಲ ಆದರೂ ರೊಗೂದಿಗೆ ಹೋಗಿದ್ದಕ್ಕೆ ಬೇಜಾರಿಲ್ಲ. ಮರುದಿನ ಮತ್ತೆ ಹೋದೆ. ಕೆಳಗೆ ಅಮೆಂದೊಲಿಯಾ ಹೊಳೆ, ಬೇಸಿಗೆಯಲ್ಲಿ ನೀರಿಗಿಂತ ಬಿಳಿ ಕಲ್ಲೇ ಜಾಸ್ತಿ. ಅದರ ಮೇಲೆ ಕತ್ತಿಯ ಅಂಚಿನಂಥ ಏಣು, ಆ ಏಣಿನ ಮೇಲೆ ಮನೆಗಳು. ಇಲ್ಲಿಯವರು ಆಡುತ್ತಿದ್ದದ್ದು ಇಟಾಲಿಯನ್ ಅಲ್ಲ, ಗ್ರೆಕೊ ಅನ್ನುವ ಹಳೆಯ ಗ್ರೀಕ್ ನುಡಿ. ಈಗ ಅದನ್ನು ಆಡುವವರು ತೀರಾ ಕಮ್ಮಿ, ಹೆಚ್ಚಿನವರು ವಯಸ್ಸಾದವರು. 1971ರ ಅಕ್ಟೋಬರ್‌ನಲ್ಲಿ ನೆರೆ ಬಂದು ಗುಡ್ಡ ಕುಸಿಯಿತು, ಒಂದು ವರ್ಷ ಕಳೆದು 1972-73ರ ಚಳಿಗಾಲದಲ್ಲಿ ಇನ್ನೊಂದು ನೆರೆ. ಊರು ಖಾಲಿಯಾಯಿತು. ಹೊಸ ರೊಗೂದಿಯನ್ನು ಕಟ್ಟಿದ್ದು ದೂರದ ಸಮುದ್ರದ ದಡದಲ್ಲಿ. ಬೆಟ್ಟದ ಮೇಲೆ ಮೇಕೆ ಮೇಯಿಸುತ್ತಿದ್ದವರು ಬಯಲಿನ ಫ್ಲಾಟಿಗೆ ಬಂದು ಏನು ಮಾಡಬೇಕು ಹೇಳಿ.

ಮಕ್ಕಳು ಪ್ರಪಾತಕ್ಕೆ ಬೀಳದಿರಲಿ ಅಂತ ತಾಯಂದಿರು ಗೋಡೆಗೆ ಮೊಳೆ ಹೊಡೆದು, ಮಕ್ಕಳ ಕಾಲಿಗೆ ಹಗ್ಗ ಕಟ್ಟಿ ಅದಕ್ಕೆ ಬಿಗಿಯುತ್ತಿದ್ದರು ಅಂತ ಅಲ್ಲಿಯವರು ಹೇಳುತ್ತಾರೆ. ನಾನು ಒಂದು ಮನೆಯ ಬಾಗಿಲ ಪಕ್ಕ, ಮೊಣಕಾಲೆತ್ತರದಲ್ಲಿ, ತುಕ್ಕು ಹಿಡಿದ ದಪ್ಪ ಮೊಳೆ ನೋಡಿದೆ. ಅದು ಕತ್ತೆ ಕಟ್ಟಲು ಹೊಡೆದದ್ದೂ ಇರಬಹುದು. ಆದರೆ ಆ ಬಾಗಿಲಿಂದ ನಾಲ್ಕು ಹೆಜ್ಜೆ ಆಚೆಗೆ ನೆಲವೇ ಇಲ್ಲ. ಅಲ್ಲಿ ನಿಂತು ಕೆಳಗೆ ನೋಡಿದಾಗ ಆ ಮಾತನ್ನು ನಂಬದೆ ಇರಲು ಆಗಲಿಲ್ಲ.

ಜನಸಂದಣಿ ಬೇಡ ಅನ್ನುವವರಿಗೆ ರೊಗೂದಿಗೆ ಸರಿಸಾಟಿ ಇಲ್ಲ. ದಾರಿಯಲ್ಲಿ ಸಿಕ್ಕ ಆ ಮೇಕೆಯವರನ್ನು ಬಿಟ್ಟರೆ ಎರಡು ದಿನದಲ್ಲಿ ನನಗೆ ಸಿಕ್ಕಿದ್ದು ಮೇಕೆಗಳು ಮಾತ್ರ. ಟಿಕೆಟ್ ಇಲ್ಲ, ಕೇಳುವವರೂ ಇಲ್ಲ. ಅದೇ ಅದರ ಅಪಾಯ. ಮಹಡಿ ಹಲಗೆಗಳು ಕೊಳೆತಿವೆ, ಬಿದ್ದರೆ ಕೂಗಿದರೂ ಯಾರಿಗೂ ಕೇಳಿಸುವುದಿಲ್ಲ. ಒಬ್ಬರೇ ಹೋಗಬೇಡಿ. ನಾನು ಹೋದೆ, ಅದು ತಪ್ಪು.

ಇನ್ನು ಸಿಸಿಲಿ. 1968ರ ಜನವರಿ 14, 15ರಂದು ಬೆಲಿಚೆ ಕಣಿವೆಯಲ್ಲಿ ಒಂದರ ಮೇಲೊಂದು ಭೂಕಂಪ ಆಯಿತು. ಜಿಬೆಲ್ಲಿನಾ, ಪೊಜ್ಜೊರೆಯಾಲೆ, ಸಲಪರೂತಾ, ಮೊಂತೆವಾಗೊ ನಾಲ್ಕೂ ನೆಲಸಮ ಅನ್ನುವಷ್ಟು ಹಾಳಾದವು. ಹಗಲು ನಡುಗಿದಾಗಲೇ ಬಹಳ ಜನ ಹೆದರಿ ಮನೆಯಿಂದ ಹೊರಗೆ ಬಂದಿದ್ದರು, ಅದರಿಂದ ಎಷ್ಟೋ ಜೀವ ಉಳಿಯಿತು. ಒಂದೇ ಭೂಕಂಪಕ್ಕೆ ಹಾಳಾದ ಅಕ್ಕಪಕ್ಕದ ಎರಡು ಊರನ್ನು ಆಮೇಲೆ ಏನು ಮಾಡಿದರು ಅನ್ನುವುದನ್ನು ಅರ್ಧ ಗಂಟೆಯ ಅಂತರದಲ್ಲಿ ನೋಡಬಹುದು. ಬೇರೆ ಎಲ್ಲೂ ಇಂಥ ಹೋಲಿಕೆ ನನಗೆ ಸಿಗಲಿಲ್ಲ.

ಹಳೇ ಜಿಬೆಲ್ಲಿನಾದ ಮೇಲೆ ಆಲ್ಬೆರ್ತೊ ಬುರ್ರಿ ಅನ್ನುವ ಕಲಾವಿದ ಸಿಮೆಂಟ್ ಹೊದಿಸಿದರು. ಅವಶೇಷಗಳನ್ನೆಲ್ಲ ಒಟ್ಟುಮಾಡಿ, ಮೇಲೆ ಬಿಳಿ ಕಾಂಕ್ರೀಟ್ ಹಾಕಿ, ಹಳೇ ಬೀದಿಗಳಿದ್ದ ಕಡೆ ಬಿರುಕಿನ ಹಾಗೆ ದಾರಿ ಬಿಟ್ಟಿದ್ದಾರೆ. 1980ರ ದಶಕದಲ್ಲಿ ಶುರುವಾದ ಕೆಲಸ ದುಡ್ಡಿಲ್ಲದೆ ಅರ್ಧಕ್ಕೆ ನಿಂತು, ಬುರ್ರಿ ತೀರಿಕೊಂಡು ಇಪ್ಪತ್ತು ವರ್ಷದ ಮೇಲೆ, 2015ರಲ್ಲಿ ಮುಗಿಯಿತು. ಸುಮಾರು 80,000 ಚದರ ಮೀಟರ್. ಗೋಡೆಗಳು ಹೆಚ್ಚುಕಡಿಮೆ ಆಳೆತ್ತರ. ಹಳೆಯ ಭಾಗ ಬೂದು ಬಣ್ಣಕ್ಕೆ ತಿರುಗಿದೆ, ಆಮೇಲೆ ಸೇರಿಸಿದ್ದು ಇನ್ನೂ ಬೆಳ್ಳಗಿದೆ, ನೋಡಿದ ಕೂಡಲೇ ಗೊತ್ತಾಗುತ್ತದೆ. ಒಳಗೆ ನಡೆಯುವಾಗ ನಿಮ್ಮ ಹೆಜ್ಜೆ ಸದ್ದು ಬಿಟ್ಟರೆ ಏನೂ ಕೇಳುವುದಿಲ್ಲ. ಬಿರುಕುಗಳಲ್ಲಿ ಕಾಡು ಸೋಂಪು ಬೆಳೆದಿದೆ. ಇದು ದೊಡ್ಡ ಕಲಾಕೃತಿ ಅನ್ನುವುದರಲ್ಲಿ ಅನುಮಾನವಿಲ್ಲ. ಆದರೆ ಆ ಊರಿನವರು ಬಂದು ತಮ್ಮ ಮನೆ ಬಾಗಿಲು ಎಲ್ಲಿತ್ತು ಅಂತ ಹುಡುಕಿದರೆ ಅಲ್ಲಿ ಬಾಗಿಲಿಲ್ಲ. ನನಗೆ ಅದು ಚುಚ್ಚಿತು.

ಪೊಜ್ಜೊರೆಯಾಲೆಯನ್ನು ಬಿದ್ದ ಹಾಗೇ ಬಿಟ್ಟರು. ಮುಖ್ಯ ಬೀದಿಯಲ್ಲಿ ನಡೆದರೆ ಎರಡೂ ಕಡೆ ಮನೆಗಳ ಮುಂಭಾಗ ನಿಂತಿವೆ. ಬಾಲ್ಕನಿಯ ಕೆತ್ತನೆ ಕಲ್ಲುಗಳು ಹಾಗೇ ಇವೆ. ಬಾಗಿಲಿಂದ ಇಣುಕಿದರೆ ಒಳಗೆ ಆಕಾಶ. ಚೌಕದಲ್ಲಿ ಅಗಲವಾದ ಮೆಟ್ಟಿಲುಗಳು, ಒಂದು ಕಡೆ ನಾಟಕಶಾಲೆ. ಒಂದು ಮನೆಯಲ್ಲಿ ಅಡುಗೆಮನೆಯ ಗೋಡೆ ಮಾತ್ರ ಉಳಿದಿತ್ತು. ತಿಳಿನೀಲಿ ಬಣ್ಣ, ಒಲೆಯ ಮೇಲೆ ಮಸಿ, ಮಸಿಯ ಪಕ್ಕ ಸೌಟು ನೇತುಹಾಕುವ ಮೂರು ಕೊಕ್ಕೆ. ಆ ಮೂರು ಕೊಕ್ಕೆಯ ಮುಂದೆ ನಾನು ಎಷ್ಟು ಹೊತ್ತು ನಿಂತಿದ್ದೆನೋ.

ಯಾಕೆಂದರೆ ನನ್ನ ಅಮ್ಮನ ಕಡೆಯವರು ಮುಳುಗಡೆಯವರು. ಲಿಂಗನಮಕ್ಕಿ ಡ್ಯಾಂ 1964ರಲ್ಲಿ ಮುಗಿದಾಗ ಶರಾವತಿ ನೀರಲ್ಲಿ ಅವರ ಮನೆ, ತೋಟ ಎಲ್ಲ ಹೋಯಿತು. ಅಜ್ಜಿ ಕೊನೆಯವರೆಗೂ ಆ ಮನೆಯ ಅಡುಗೆಮನೆಯ ಲೆಕ್ಕದಲ್ಲೇ ಮಾತಾಡುತ್ತಿದ್ದರು. ನೋಡಿ ಬರೋಣ ಅಂದರೆ ನೋಡಲು ಏನೂ ಇರಲಿಲ್ಲ.

ಹೊಸ ಪೊಜ್ಜೊರೆಯಾಲೆ ಸ್ವಲ್ಪ ಕೆಳಗಿದೆ. ಅಲ್ಲಿ ಕಾಫಿಗೆ ನಿಂತಾಗ ಒಬ್ಬರು ಅಜ್ಜ ಪಕ್ಕಕ್ಕೆ ಬಂದು ಕೂತರು. ನನ್ನ ಹರಕುಮುರುಕು ಇಟಾಲಿಯನ್ ಅವರಿಗೆ ಸಾಕಾಯಿತು.

"ಎಲ್ಲಿಂದ ಬಂದೆ ಮಗಾ?"

"ಇಂಡಿಯಾ, ಅಜ್ಜಾ. ಮೇಲಿನ ಊರು ನೋಡಿ ಬಂದೆ."

"ಯಾವ ಬೀದಿ ನೋಡಿದೆ?"

ಎಲ್ಲಿಂದ ಎಲ್ಲಿಗೆ ಹೋದೆ ಅಂತ ಹೇಳಿದೆ. ಭೂಕಂಪದ ವರ್ಷ ಅವರಿಗೆ ಹನ್ನೊಂದು ವರ್ಷವಂತೆ. ಆಮೇಲೆ ಎಷ್ಟೋ ವರ್ಷ ತಗಡಿನ ಶೆಡ್ಡಿನಲ್ಲಿದ್ದರಂತೆ. ಬೇಸಿಗೆಯಲ್ಲಿ ಒಲೆ, ಚಳಿಗಾಲದಲ್ಲಿ ಮಂಜುಗಡ್ಡೆ ಅಂದರು. ಮೇಜಿನ ಮೇಲೆ ಸಕ್ಕರೆ ಪೊಟ್ಟಣ ಸಾಲಾಗಿ ಇಟ್ಟು, ಇದು ಚರ್ಚು, ಇದು ಬ್ರೆಡ್ಡಿನವನ ಅಂಗಡಿ, ಅದರಿಂದ ನಾಲ್ಕನೆಯದು ನಮ್ಮ ಮನೆ ಅಂತ ತೋರಿಸಿದರು. "ಬಾಗಿಲ ಹತ್ತಿರ ಅಂಜೂರದ ಗಿಡ ಇತ್ತು, ಇದೆಯಾ?" ಅಂದರು. ನಾನು ಗಮನಿಸಿರಲಿಲ್ಲ.

ಅವತ್ತಿನಿಂದ ನನಗೆ ಒಂದು ವಿಷಯ ಖಾತ್ರಿಯಾಯಿತು. ಹಳೇ ಊರಿಗೆ ಮಾತ್ರ ಹೋಗಿ ಫೋಟೋ ತೆಗೆದು ವಾಪಸ್ ಬಂದರೆ ಅರ್ಧ ಮಾತ್ರ ನೋಡಿದ ಹಾಗೆ. ಆ ಜನ ಹೋದ ಹೊಸ ಊರಿಗೂ ಹೋಗಬೇಕು. ಕ್ರಾಕೋದಲ್ಲಿ ನಾನು ಪೆಸ್ಕಿಯೆರಾಕ್ಕೆ ಹೋಗಲಿಲ್ಲ, ಈಗ ಬೇಜಾರಾಗುತ್ತದೆ. ರೊಗೂದಿಯಲ್ಲಿ ಹಳೆಯದಕ್ಕೂ ಹೊಸದಕ್ಕೂ ಬಹಳ ದೂರ. ಪೊಜ್ಜೊರೆಯಾಲೆಯಲ್ಲಿ ಎರಡೂ ಪಕ್ಕಪಕ್ಕ, ನಾನು ಅದನ್ನು ಮೊದಲಿಗೆ ಇಡಲು ಇದೂ ಒಂದು ಕಾರಣ.

ಹೋಗುವವರಿಗೆ ನನ್ನ ಸಲಹೆ ಹೀಗೆ. ಪಲೆರ್ಮೊದಿಂದ ಬೆಳಗ್ಗೆ ಬೇಗ ಕಾರಿನಲ್ಲಿ ಹೊರಡಿ, ಬಸ್ಸು ನಂಬಿಕೊಂಡರೆ ದಿನ ಹಾಳು. ಮೊದಲು ಜಿಬೆಲ್ಲಿನಾದ ಸಿಮೆಂಟ್ ಹೊದಿಕೆ ನೋಡಿ, ಬಿಸಿಲೇರಿದ ಮೇಲೆ ಆ ಬಿಳುಪಿಗೆ ಕಣ್ಣು ಬಿಡಲು ಆಗುವುದಿಲ್ಲ, ನೆರಳೂ ಇಲ್ಲ. ಆಮೇಲೆ ಪೊಜ್ಜೊರೆಯಾಲೆ. ಒಳಗೆ ಬಿಡುವ ನಿಯಮ ಆಗಾಗ ಬದಲಾಗುತ್ತದೆ, ಹಾಗಾಗಿ ಹೊಸ ಊರಲ್ಲಿ ಕೇಳಿಕೊಂಡೇ ಹೋಗಿ. ಬೀದಿಯಲ್ಲಿ ನಡೆಯಿರಿ, ಮನೆಗಳ ಒಳಗೆ ಕಾಲಿಡಬೇಡಿ. ಒಂದು ಹೆಂಚನ್ನೂ ಎತ್ತಿಕೊಳ್ಳಬೇಡಿ, ಅದು ಯಾರದೋ ಮನೆ. ಮಾರ್ಚ್, ಏಪ್ರಿಲ್ ಅಥವಾ ಅಕ್ಟೋಬರ್ ಒಳ್ಳೆಯದು. ಗಟ್ಟಿ ಅಟ್ಟೆಯ ಶೂ, ಎರಡು ಲೀಟರ್ ನೀರು, ಟೋಪಿ ಇರಲಿ. 2026ಕ್ಕೆ ಜಿಬೆಲ್ಲಿನಾವನ್ನು ಇಟಲಿಯ ಸಮಕಾಲೀನ ಕಲೆಯ ರಾಜಧಾನಿ ಅಂತ ಆರಿಸಿದ್ದಾರೆ, ಅಲ್ಲಿ ಜನ ಹೆಚ್ಚಾಗಬಹುದು.

ನಾನು ಇನ್ನೊಂದು ಸಲ ಹೋಗುತ್ತಿದ್ದೇನೆ, ಅಂಜೂರ ಹಣ್ಣಾಗುವ ಆಗಸ್ಟ್ ಕೊನೆಗೆ, ಬಿಸಿಲಿದ್ದರೂ ಸರಿ. ಬ್ರೆಡ್ಡಿನ ಅಂಗಡಿಯಿಂದ ನಾಲ್ಕನೇ ಮನೆ. ಗಿಡ ಇದ್ದರೆ ಫೋಟೋ ತೆಗೆದು, ಪ್ರಿಂಟ್ ಹಾಕಿಸಿ, ಅಜ್ಜನಿಗೆ ಕೊಟ್ಟು ಬರಬೇಕು.